ಒಂದೇ ಕೀಬೋರ್ಡು, ಎರಡು ಪಾತ್ರ!

ಶಿಳ್ಳೆ ಬೀಳಬೇಕಾದ ಜಾಗದಲ್ಲಿ ನಗು ಬಿತ್ತು!

ಸ್ಟೇಜಿನ ಮೇಲೆ ಕೂತವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ ಸ್ವಾಮಿ. ಕಲ್ಲು ಬಂದರೆ ತಲೆ ತಗ್ಗಿಸಬಹುದು. ಬೈಗುಳ ಬಂದರೆ ಕಿವಿ ಕೇಳಿಸದವನ ಹಾಗೆ ಇದ್ದುಬಿಡಬಹುದು. ಆದರೆ ಇಡೀ ಪೆಂಡಾಲೇ ಗೊಳ್ಳೆಂದು ನಕ್ಕರೆ? ಅದೂ ಒಂದು ವಿರಹದ ಹಾಡಿನ ನಡುವೆ ನಕ್ಕರೆ?

೨೦೨೨ರ ಗಣೇಶನ ಹಬ್ಬ. ತಿಪಟೂರಿನ ಆಚೆಯ ಒಂದು ಹಳ್ಳಿ. ಕೊರೋನಾ ಅಂತ ಎರಡು ವರ್ಷ ಏಳದೆ ಇದ್ದ ಪೆಂಡಾಲು ಆ ವರ್ಷ ಮತ್ತೆ ಎದ್ದಿತ್ತು. ಹೆಂಗಸರು ಮಕ್ಕಳು ಚಾಪೆ ಹಾಸಿ ಕೂತಿದ್ದರು. ಪಡ್ಡೆ ಹುಡುಗರು ಹುಣಸೆ ಮರ ಹತ್ತಿದ್ದರು. ಹಾಡು ರಾಜನ್-ನಾಗೇಂದ್ರ ಸಂಗೀತದ ಒಂದು ಹಳೆಯ ಯುಗಳಗೀತೆ. ಕೊಳಲಿನಿಂದ ಶುರು. ಕೊಳಲು ನುಡಿಸುತ್ತಿದ್ದವನು ನಾನೇ. ಬಿದಿರಿನ ಕೊಳಲಲ್ಲ, ಕೀಬೋರ್ಡಿನ ಕೊಳಲು. ಆ ಸ್ವರಗಳು ಮೆಲ್ಲಗೆ ಇಳಿದು, ಇಳಿದು, ಕೊನೆಯ ಮನೆಗೆ ಬಂದು ನಿಲ್ಲಬೇಕು. ಇಳಿಯಿತು... ಬಂತು... ನಿಂತಿತು...

"ಧಡಂ!"

ಕೊಳಲಿನ ಬಾಯಿಂದ ಬೇಸ್ ಗಿಟಾರಿನ ಸದ್ದು!

"ಲೋ, ಕೊಳಲೊಳಗೆ ಎಮ್ಮೆ ಸೇರ್ಕೊಂಡೈತೆ ಕಣ್ರೋ!" ಅಂತ ಮರದ ಮೇಲಿಂದ ಯಾವನೋ ಕೂಗಿದ. ಅಷ್ಟೇ. ಆಮೇಲೆ ಹಾಡು ಯಾರಿಗೆ ಬೇಕು?

ಆ ಎಮ್ಮೆ ಎಲ್ಲಿಂದ ಬಂತು, ಅದನ್ನು ಕೊಳಲೊಳಗೆ ಕಟ್ಟಿದವನು ಯಾರು, ಅದಕ್ಕೂ ಮೊದಲು ಯಾರ ಹೊಟ್ಟೆಯ ಮೇಲೆ ಏಟು ಬಿದ್ದಿತ್ತು... ಇದನ್ನೆಲ್ಲ ಇವತ್ತು ನಿಮ್ಮ ಮುಂದೆ ಒಪ್ಪಿಸಬೇಕೆಂದಿದ್ದೇನೆ. ನಡುನಡುವೆ ಸ್ವಲ್ಪ ವಿದ್ಯೆಯ ಮಾತೂ ಬರುತ್ತೆ. ಹೆದರಬೇಡಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೇ ಅರ್ಥವಾಗಿದೆ ಅಂದಮೇಲೆ ನಿಮಗೆ ಆಗದೆ ಇರುತ್ತಾ?

ತುಟಿ ಒಬ್ಬರದು, ಕಂಠ ಇನ್ನೊಬ್ಬರದು

ನನ್ನ ಕಸುಬು ಬರವಣಿಗೆ. ಸಿನಿಮಾ ಮಂದಿಯ ಬೆನ್ನು ಹತ್ತಿ ಬರೆಯೋದು, ಪತ್ರಿಕೆಗಳಿಗೆ ಕಳಿಸೋದು. ಬರೆದದ್ದಕ್ಕೆ ಬರುವ ದುಡ್ಡು ಬಸ್ ಚಾರ್ಜಿಗೂ ಕಾಫಿಗೂ ಸರಿಹೋಗುತ್ತೆ. ಹಾಗಾಗಿ ಹಬ್ಬದ ಸೀಸನ್ನಿನಲ್ಲಿ, ರಾಜ್ಯೋತ್ಸವದ ತಿಂಗಳಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತೀನಿ. ಮೊದಲು ನನ್ನ ಹತ್ತಿರ ಇದ್ದದ್ದು ಸದ್ದು ತನ್ನೊಳಗೇ ಇಟ್ಟುಕೊಂಡ ಹಳೆಯ ಕೀಬೋರ್ಡು. ಅದು ಕೆಟ್ಟಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ೬೧ ಮನೆಗಳ ಒಂದು ಮಿಡಿ ಕೀಬೋರ್ಡ್ ಕೊಂಡೆ. ಲ್ಯಾಪ್‌ಟಾಪ್ ಹೇಗೂ ಬರೆಯೋಕೆ ಅಂತ ಇತ್ತು.

ಈ ಮಿಡಿ ಕೀಬೋರ್ಡಿಗೆ ಸ್ವಂತ ಕಂಠ ಅನ್ನೋದೇ ಇಲ್ಲ. ಸ್ಪೀಕರಿಗೆ ನೇರ ಸಿಕ್ಕಿಸಿದರೆ ಗಪ್‌ಚುಪ್! ನಮ್ಮ ಅಣ್ಣಾವ್ರ ಎಷ್ಟೋ ಹಳೆಯ ಚಿತ್ರಗಳನ್ನು ನೆನಪು ಮಾಡಿಕೊಳ್ಳಿ. ತೆರೆಯ ಮೇಲೆ ತುಟಿ ರಾಜಕುಮಾರ್ ಅವರದು, ಕಂಠ ಪಿ.ಬಿ. ಶ್ರೀನಿವಾಸ್ ಅವರದು. ಇಬ್ಬರೂ ಬೇರೆ ಅಂತ ಯಾರಿಗಾದರೂ ಅನ್ನಿಸಿತ್ತೇ? ಮಿಡಿ ಕೀಬೋರ್ಡು ತುಟಿ. ಕಂಠ ಇರೋದು ಲ್ಯಾಪ್‌ಟಾಪಿನೊಳಗೆ, ಸಾಫ್ಟ್‌ವೇರ್ ವಾದ್ಯಗಳ ರೂಪದಲ್ಲಿ. ಕೊಳಲು ಬೇಕೆಂದರೆ ಕೊಳಲು, ಶಹನಾಯ್ ಬೇಕೆಂದರೆ ಶಹನಾಯ್.

ತುಟಿಗೂ ಕಂಠಕ್ಕೂ ನಡುವೆ ಹೋಗಿಬರೋದು ಬರೀ ಚೀಟಿಗಳು. ನೀವು ಒಂದು ಮನೆ ಒತ್ತಿದಿರಿ ಅನ್ನಿ. "ಇಷ್ಟನೇ ನಂಬರಿನ ಮನೆ, ಇಷ್ಟು ಜೋರಾಗಿ ಒತ್ತಿದ" ಅಂತ ಒಂದು ಚೀಟಿ ಹೋಗುತ್ತೆ. ಕೈ ಎತ್ತಿದಿರೋ, "ಬಿಟ್ಟ" ಅಂತ ಇನ್ನೊಂದು ಚೀಟಿ. ಮನೆಗಳ ನಂಬರು ೦ಯಿಂದ ೧೨೭. ಜೋರಿನ ಅಳತೆಯೂ ೧೨೭ಕ್ಕೇ ಮುಗಿಯುತ್ತೆ. ನಡುಸ್ಥಾಯಿಯ ಬಿಳಿ ಒಂದಕ್ಕೆ ೬೦ನೇ ನಂಬರು. ನನ್ನ ೬೧ ಮನೆಗಳು ಎಡತುದಿಯ ೩೬ರಿಂದ ಬಲತುದಿಯ ೯೬ರವರೆಗೆ.

ಈ ಚೀಟಿ ಭಾಷೆಗೆ ಮಿಡಿ ಅಂತ ಹೆಸರು. ಲೋಕಕ್ಕೆ ಅದು ಬಂದದ್ದು ೧೯೮೩ರಲ್ಲಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೋ ಕಾಕೆಹಾಶಿ ಇದರ ಮುಖ್ಯ ರೂವಾರಿಗಳು. ಇಬ್ಬರದೂ ಬೇರೆ ಬೇರೆ ಕಂಪನಿ, ವ್ಯಾಪಾರದಲ್ಲಿ ಎದುರಾಳಿಗಳು. ಆ ವರ್ಷದ ಜನವರಿಯಲ್ಲಿ ಒಂದು ವಾದ್ಯಮೇಳದ ಪ್ರದರ್ಶನದಲ್ಲಿ ಒಬ್ಬರ ಕೀಬೋರ್ಡನ್ನು ಇನ್ನೊಬ್ಬರ ಕೀಬೋರ್ಡಿಗೆ ತಂತಿ ಕಟ್ಟಿ ಮಾತಾಡಿಸಿದರು. ಒಂದರ ಮನೆ ಒತ್ತಿದರೆ ಇನ್ನೊಂದು ಹಾಡಿತು! ಇದಕ್ಕಾಗಿ ೨೦೧೩ರಲ್ಲಿ ಇಬ್ಬರಿಗೂ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು. ಕಾಕೆಹಾಶಿ ೨೦೧೭ರಲ್ಲಿ ತೀರಿಕೊಂಡರು, ಸ್ಮಿತ್ ೨೦೨೨ರಲ್ಲಿ. ಅವರ ಚೀಟಿ ಮಾತ್ರ ಇವತ್ತಿಗೂ ಓಡಾಡ್ತಾ ಇದೆ.

ದ್ವಿಪಾತ್ರದ ಗುಟ್ಟು

ಈಗ ದ್ವಿಪಾತ್ರಕ್ಕೆ ಬರೋಣ.

'ಬಬ್ರುವಾಹನ' (೧೯೭೭) ಚಿತ್ರದಲ್ಲಿ ಅರ್ಜುನನೂ ರಾಜಕುಮಾರ್, ಬಬ್ರುವಾಹನನೂ ರಾಜಕುಮಾರ್. ಕಂಪ್ಯೂಟರಿಲ್ಲದ ಆ ಕಾಲದಲ್ಲಿ ಒಬ್ಬ ನಟನನ್ನು ಒಂದೇ ಚೌಕಟ್ಟಿನಲ್ಲಿ ಇಬ್ಬರಾಗಿ ತೋರಿಸುವುದಕ್ಕೆ ಕ್ಯಾಮೆರಾದವರಿಗೆ ಒಂದು ಉಪಾಯ ಇತ್ತು. ಲೆನ್ಸಿನ ಅರ್ಧ ಭಾಗ ಮುಚ್ಚಿ ಎಡಗಡೆಯ ಪಾತ್ರವನ್ನು ಹಿಡಿಯೋದು. ಆಮೇಲೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಈ ಅರ್ಧ ಮುಚ್ಚಿ, ಬಲಗಡೆಯ ಪಾತ್ರವನ್ನು ಹಿಡಿಯೋದು. ನಡುವೆ ಕಣ್ಣಿಗೆ ಕಾಣದ ಒಂದು ಗೆರೆ. ನಟನ ಕೈ ಆ ಗೆರೆ ದಾಟಿತೋ, ಕೈ ಅಲ್ಲಿಗೇ ತುಂಡು!

ಕೀಬೋರ್ಡ್ ಪಾಲು ಮಾಡೋದೂ ಹಾಗೇ. ಒಂದು ಗೆರೆ. ಗೆರೆಯ ಎಡಕ್ಕೆ ಎಡಗೈ ಬೇಸ್ ಗಿಟಾರ್ ನುಡಿಸುತ್ತೆ. ಬಲಕ್ಕೆ ಬಲಗೈ ಕೊಳಲು ನುಡಿಸುತ್ತೆ. ನೋಡೋರಿಗೆ ಒಂದೇ ಕೀಬೋರ್ಡು, ಕೇಳೋರಿಗೆ ಇಬ್ಬರು ವಾದ್ಯಗಾರರು. ಹಳೆಯ ಕೀಬೋರ್ಡುಗಳಲ್ಲೂ 'ಸ್ಪ್ಲಿಟ್' ಅಂತ ಒಂದು ಬಟನ್ನು ಇತ್ತು, ನಿಜ. ಆದರೆ ಅಲ್ಲಿ ಅವರು ಕೊಟ್ಟ ಸದ್ದು, ಅವರು ಕೊಟ್ಟಷ್ಟೇ ಪಾಲು. ಸಾಫ್ಟ್‌ವೇರಿನಲ್ಲಿ ಹಾಗಲ್ಲ. ಎರಡೇ ಯಾಕೆ, 'ಶಂಕರ್ ಗುರು' (೧೯೭೮) ಚಿತ್ರದ ಹಾಗೆ ತ್ರಿಪಾತ್ರವನ್ನೂ ಮಾಡಿಸಬಹುದು. ಗೆರೆ ಎಲ್ಲಿ ಬೇಕೋ ಅಲ್ಲಿ, ಕಂಠ ಯಾವುದು ಬೇಕೋ ಅದು.

ನಾನು ಬಳಸೋದು ರೀಪರ್ ಅನ್ನೋ ಸಾಫ್ಟ್‌ವೇರ್. ೬೦ ದಿನ ಪುಕ್ಕಟೆ ಪ್ರಯೋಗ, ಆಮೇಲೆ ನಮ್ಮಂಥ ಸಣ್ಣವರಿಗೆ ೬೦ ಡಾಲರ್ ಲೈಸೆನ್ಸು. ಎರಡು ಟ್ರ್ಯಾಕ್ ತೆರೀಬೇಕು. ಎರಡಕ್ಕೂ ಇನ್‌ಪುಟ್ ಅದೇ ಕೀಬೋರ್ಡು. ಎರಡರ ಕೆಂಪು ಬಟನ್ನನ್ನೂ ಒತ್ತಬೇಕು, ಎರಡರ ಮಾನಿಟರ್ ಬಟನ್ನನ್ನೂ ಹಾಕಬೇಕು. ಒಂದು ಟ್ರ್ಯಾಕಿನಲ್ಲಿ ಬೇಸು, ಇನ್ನೊಂದರಲ್ಲಿ ಕೊಳಲು ಕೂಡಿಸಬೇಕು. ಈಗ ಯಾವ ಮನೆ ಒತ್ತಿದರೂ ಎರಡೂ ಒಟ್ಟಿಗೆ ಬಡಕೊಳ್ತವೆ. ಆದ್ದರಿಂದ ವಾದ್ಯಕ್ಕೆ ಮುಂಚೆ ಒಂದೊಂದು ಜರಡಿ ಕಟ್ಟಬೇಕು. 'ಮಿಡಿ ನೋಟ್ ಫಿಲ್ಟರ್' ಅಂತ ರೀಪರಿನಲ್ಲೇ ಸಿಗುತ್ತೆ. ಅದರಲ್ಲಿ ಕೆಳಗಿನ ಮನೆ ಇಷ್ಟು, ಮೇಲಿನ ಮನೆ ಇಷ್ಟು ಅಂತ ನಂಬರು ಕೊಟ್ಟರೆ ಆಯ್ತು. ಬೇಸಿಗೆ ೩೬ರಿಂದ ೫೯, ಕೊಳಲಿಗೆ ೬೦ರಿಂದ ೯೬. ಅಂದರೆ ಬೇಸಿಗೆ ೨೪ ಮನೆ, ಕೊಳಲಿಗೆ ೩೭ ಮನೆ. ಅಣ್ಣ-ತಮ್ಮ ಹೊಲ ಪಾಲು ಮಾಡಿಕೊಂಡು ನಡುವೆ ಬದು ಹಾಕಿದ ಹಾಗೆ!

ಬೇರೆ ಸಾಫ್ಟ್‌ವೇರ್ ಇರೋರಿಗೂ ದಾರಿ ಇದೆ. ಏಬಲ್ಟನ್ ಲೈವ್‌ನಲ್ಲಿ 'ಇನ್‌ಸ್ಟ್ರುಮೆಂಟ್ ರ‍್ಯಾಕ್' ಮಾಡಿ 'ಕೀ' ಅನ್ನೋ ಬಟನ್ ಒತ್ತಿದರೆ ಪಟ್ಟಿಗಳು ಕಾಣಿಸ್ತವೆ, ಅಂಚು ಹಿಡಿದು ಎಳೆದರೆ ಪಾಲು ಸಿದ್ಧ. ಲಾಜಿಕ್ ಪ್ರೋದಲ್ಲಿ 'ಕೀ ಲಿಮಿಟ್' ಅಂತಿದೆ. ಹೆಸರು ಬೇರೆ ಬೇರೆ, ಬದು ಒಂದೇ.

ಪೆಡಲು ಒತ್ತಿದರೆ ಕೆಸರು

ಮನೆಯಲ್ಲಿ ಒಂದು ತಿಂಗಳು ತಾಲೀಮು ನಡೆಸಿದೆ. ಒಂದೊಂದು ದಿನ ಒಂದೊಂದು ಪೀಡೆ.

ಮೊದಲನೇದು ಹೆಸರಿನ ಗಲಾಟೆ. ೬೦ನೇ ಮನೆಯನ್ನು ಯಮಹಾದವರು ಸಿ-೩ ಅಂತಾರೆ, ಬೇರೆ ಹಲವರು ಸಿ-೪ ಅಂತಾರೆ. ಒಬ್ಬರ ಪುಸ್ತಕ ಓದಿ ಇನ್ನೊಬ್ಬರ ಯಂತ್ರಕ್ಕೆ ಗೆರೆ ಹಾಕಿದರೆ ಬದು ಸೀದಾ ಒಂದು ಸ್ಥಾಯಿ ಆಚೆಗೆ ಹೋಗಿ ಕೂರುತ್ತೆ. ಅವತ್ತೇ ತೀರ್ಮಾನ ಮಾಡಿದೆ, ಹೆಸರು ನಂಬಬಾರದು, ನಂಬರು ನಂಬಬೇಕು.

ಎರಡನೇದು, ಒತ್ತಿದ್ದು ಈಗ, ಸದ್ದು ಬಂದದ್ದು ಆಮೇಲೆ. ಲ್ಯಾಪ್‌ಟಾಪು ಸದ್ದನ್ನು ಕಂತೆ ಕಂತೆಯಾಗಿ ಕಟ್ಟಿ ಹೊರಗೆ ಕಳಿಸುತ್ತೆ. ಸೆಕೆಂಡಿಗೆ ೪೪,೧೦೦ ತುಣುಕುಗಳ ಲೆಕ್ಕದಲ್ಲಿ, ಕಂತೆಗೆ ೧೦೨೪ ತುಣುಕು ಇಟ್ಟರೆ ಒಂದು ಕಂತೆಗೇ ೨೩ ಮಿಲಿಸೆಕೆಂಡು ಹೋಯ್ತು. ಡ್ರಮ್ಮಿನವನ ಏಟಿಗೂ ನನ್ನ ಬೇಸಿಗೂ ತಾಳವೇ ಕೂಡಲಿಲ್ಲ. ೨೫೬ಕ್ಕೆ ಇಳಿಸಿದೆ, ಆರು ಮಿಲಿಸೆಕೆಂಡಿನ ಹತ್ತಿರ ಬಂತು. ಕಿವಿಗೆ ನೆಮ್ಮದಿ.

ಮೂರನೇದು ಪೆಡಲು. ಕಾಲಿನಲ್ಲಿ ಒತ್ತುವ ಸಸ್ಟೇನ್ ಪೆಡಲಿನದೂ ಒಂದು ಚೀಟಿ, ೬೪ನೇ ನಂಬರಿನ ಕಂಟ್ರೋಲು. ನಮ್ಮ ಜರಡಿ ಹಿಡಿಯೋದು ಸ್ವರಗಳನ್ನು ಮಾತ್ರ. ಪೆಡಲಿನ ಚೀಟಿ ಎರಡೂ ಕಡೆ ನುಗ್ಗುತ್ತೆ. ಬಲಗಡೆ ಪಿಯಾನೋ ಇಟ್ಟುಕೊಂಡು ಪೆಡಲು ಒತ್ತಿದರೆ ಎಡಗಡೆಯ ಬೇಸಿನ ಸ್ವರಗಳೂ ನಿಲ್ಲದೆ ಒಂದರ ಮೇಲೊಂದು ಬಿದ್ದು ಕೆಸರುಗದ್ದೆ! ರೀಪರಿನಲ್ಲಿ ನಾವೇ ಸಣ್ಣ ಪ್ರೋಗ್ರಾಂ ಬರೆದು ಸೇರಿಸಬಹುದು. ಅಲ್ಲಿ ಇಲ್ಲಿ ನೋಡಿ ಏಳೆಂಟು ಸಾಲು ಬರೆದೆ, ೬೪ನೇ ಚೀಟಿಯನ್ನು ಬೇಸಿನ ಬಾಗಿಲಲ್ಲೇ ತಡೆದು ನಿಲ್ಲಿಸಿದೆ.

ಬೇಸು ಇನ್ನೂ ತೆಳ್ಳಗಿತ್ತು. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಸುಮ್ಮನೆ ಮೀಟಿದರೆ ಬರೋದು ೨೮ನೇ ಸ್ವರ. ನನ್ನ ಕೀಬೋರ್ಡು ಎಡತುದಿಯಲ್ಲಿ ೩೬ಕ್ಕೇ ಮುಗಿಯುತ್ತೆ. ಹಾಗಾಗಿ ಜರಡಿ ದಾಟಿದ ಮೇಲೆ ಬೇಸನ್ನು ೧೨ ಮನೆ ಕೆಳಗೆ ಇಳಿಸಿದೆ. ಎದೆ ನಡುಗುವ ಹಾಗೆ ಬಂತು ಸದ್ದು!

ನಾಲ್ಕನೇ ಪೀಡೆಗೆ ಮಾತ್ರ ಔಷಧಿ ಸಿಗಲಿಲ್ಲ. ಕೊಳಲಿನ ಸ್ವರ ಜಾರಬೇಕು, ತೂಗಬೇಕು. ಆಗಲೇ ಅದು ಕೊಳಲು. ಅದಕ್ಕೆ ಕೀಬೋರ್ಡಿನಲ್ಲಿ ಒಂದು ಚಕ್ರ ಇರುತ್ತೆ, ಪಿಚ್ ಬೆಂಡ್ ಚಕ್ರ. ಸಾಮಾನ್ಯವಾಗಿ ಎರಡು ಮನೆ ಮೇಲಕ್ಕೆ, ಎರಡು ಮನೆ ಕೆಳಕ್ಕೆ ಸ್ವರವನ್ನು ಬಗ್ಗಿಸುತ್ತೆ. ಆ ದಾರಿಯಲ್ಲಿ ೧೬,೩೮೪ ಮೆಟ್ಟಿಲು! ಆದರೆ ಚಕ್ರ ಇರೋದು ಕೀಬೋರ್ಡಿನ ಎಡತುದಿಯಲ್ಲಿ. ಅದನ್ನು ತಿರುಗಿಸಬೇಕಾದ ಎಡಗೈಯನ್ನು ನಾನು ಬೇಸಿಗೆ ಬರೆದುಕೊಟ್ಟಾಗಿತ್ತು. ಮೂರನೇ ಕೈ ಎಲ್ಲಿಂದ ತರಲಿ? ಕೊಳಲು ಉಪ್ಪಿಲ್ಲದ ಸಾರಿನ ಹಾಗೆ ಸಪ್ಪಗೇ ಉಳೀತು. "ಹಳ್ಳಿ ಜನಕ್ಕೆ ಏನು ಗೊತ್ತಾಗುತ್ತೆ" ಅಂದುಕೊಂಡೆ. ಆ ಅಹಂಕಾರಕ್ಕೆ ಸರಿಯಾಗೇ ಸಿಕ್ಕಿತು ಬಿಡಿ.

ಟೆಂಪೋದಲ್ಲಿ ಒಂದು ಸೀಟು ಖಾಲಿ

ನಮ್ಮ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರೊಬ್ಬರಿದ್ದರು. ವಯಸ್ಸು ಐವತ್ತು ದಾಟಿತ್ತು. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದೇ 'ಬೇಸಣ್ಣ' ಅಂತ. ಸ್ಟೇಜಿನ ಹಿಂದುಗಡೆ, ಡ್ರಮ್ಮಿನ ಪಕ್ಕ, ಲೈಟು ಬೀಳದ ಜಾಗದಲ್ಲಿ ನಿಂತಿರೋರು. 'ಪ್ರೇಮಲೋಕ'ದ ಹಾಡು ಬಂದರೆ ಮಾತ್ರ ಮುಖದಲ್ಲಿ ನಗು. ೧೯೮೭ರಲ್ಲಿ ಆ ಚಿತ್ರ ಬಂದಾಗ ಹಂಸಲೇಖರ ಹಾಡು ಕೇಳಿಯೇ ಗಿಟಾರ್ ಹಿಡಿದೆ ಅನ್ನೋರು. ಶ್ರುತಿ ಯಾವುದು, ತಾಳ ಎಲ್ಲಿ ತಪ್ಪಿತು ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿ ಎಷ್ಟೋ ಸಲ ಮಾನ ಉಳಿಸಿದ್ದರು.

ನಾನು ಮಾಡಿದ್ದೇನು ಗೊತ್ತೇ? ಪಾಲು ಮಾಡಿದ ಕೀಬೋರ್ಡನ್ನು ಹೊತ್ತುಕೊಂಡು ಹೋಗಿ ಯಜಮಾನರ ಮುಂದೆ ನುಡಿಸಿ ತೋರಿಸಿದೆ. ಎಡಗೈ ಬೇಸು, ಬಲಗೈ ಕೊಳಲು. ಶಹಬ್ಬಾಸ್ ಅನ್ನಿಸಿಕೊಳ್ಳೋ ಚಪಲ! ಯಜಮಾನರು ಎರಡು ನಿಮಿಷ ಕೇಳಿದರು. ಕೈಬೆರಳಿನಲ್ಲಿ ಏನೋ ಎಣಿಸಿದರು.

"ಹಂಗಾದ್ರೆ ಬೇಸಿಗೆ ಬೇರೆ ಆಳು ಯಾಕೆ?"

ಬೇಸಣ್ಣನಿಗೆ ಒಂದು ಕಾರ್ಯಕ್ರಮಕ್ಕೆ ೧,೫೦೦ ರೂಪಾಯಿ ಕೊಡುತ್ತಿದ್ದರು. ಅದು ನಿಂತಿತು. ನನಗೆ ೫೦೦ ರೂಪಾಯಿ ಜಾಸ್ತಿ ಆಯ್ತು. ನಾನು ಬಾಯಿ ಬಿಡಲಿಲ್ಲ. ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಆ ೫೦೦ ಜೇಬಿಗೆ ಬಿದ್ದದ್ದಂತೂ ಸುಳ್ಳಲ್ಲ.

ಸುದ್ದಿ ಹೇಳೋಕೆ ನನ್ನನ್ನೇ ಕಳಿಸಿದರು. ಬೇಸಣ್ಣ ಕೋಪ ಮಾಡಿಕೊಳ್ಳಲಿಲ್ಲ. "ಆಗ್ಲಿ ಬಿಡು ಕಣಯ್ಯ. ಟೆಂಪೋದಲ್ಲಿ ಕಾಲು ಚಾಚ್ಕೊಂಡು ಹೋಗ್ಬೋದು ನೀವೆಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಲ ಬದಲಾಗಿದೆ ಮಾರಾಯ! ಒಂದು ಕಾಲದಲ್ಲಿ ಕನ್ನಡದ ಹಾಡುಗಳಿಗೆ ಮದರಾಸಿಗೆ ಹೋಗಿ, ದೊಡ್ಡ ವಾದ್ಯಮೇಳ ಕೂಡಿಸಿ ರೆಕಾರ್ಡಿಂಗ್ ಮಾಡುತ್ತಿದ್ದರು. ಶಂಕರನಾಗ್ ಬೆಂಗಳೂರಿನಲ್ಲೇ 'ಸಂಕೇತ್' ಸ್ಟುಡಿಯೋ ಕಟ್ಟಿದರು. ೧೯೯೨ರ 'ರೋಜಾ' ಬಂದಮೇಲೆ ದಕ್ಷಿಣದ ಹಾಡುಗಳ ಸದ್ದೇ ಬದಲಾಯಿತು. ೨೦೧೮ರ 'ಕೆ.ಜಿ.ಎಫ್.'ಗೆ ಸಂಗೀತ ಕೊಟ್ಟ ರವಿ ಬಸ್ರೂರ್ ಕುಂದಾಪುರದ ಹತ್ತಿರದ ಒಂದು ಹಳ್ಳಿಯಿಂದ ಬಂದವರು. ಇವೆಲ್ಲ ಕಾಲದ ಆಟ, ನನ್ನದೇನು ತಪ್ಪು? ಹೀಗೆ ದಿನಕ್ಕೆ ಹತ್ತು ಸಲ ಹೇಳಿಕೊಂಡೆ. ತಪ್ಪಿಲ್ಲದವನು ಹತ್ತು ಸಲ ಹೇಳಿಕೊಳ್ಳಬೇಕಾಗುತ್ತಾ?

ಎಮ್ಮೆ ಬಂದದ್ದು ಹೀಗೆ

ಬೇಸಣ್ಣನಿಲ್ಲದ ಮೂರನೇ ಕಾರ್ಯಕ್ರಮ ಆ ಹಳ್ಳಿಯದು. ರಾತ್ರಿ ಹನ್ನೊಂದಾಗಿತ್ತು. ನಮ್ಮ ಹಾಡುಗಾರ್ತಿಗೆ ಮಂಜಿಗೆ ಗಂಟಲು ಕಟ್ಟಿತ್ತು. ಯುಗಳಗೀತೆ ಶುರುವಾಗೋ ಮುಂಚೆ ನನ್ನ ಹತ್ತಿರ ಬಗ್ಗಿ, "ಮೇಲೆ ಹೋಗಕ್ಕಾಗಲ್ಲ. ಎರಡು ಮನೆ ಇಳಿಸಪ್ಪ" ಅಂದರು.

ಶ್ರುತಿ ಇಳಿಸೋದಕ್ಕೆ ಕೀಬೋರ್ಡಿನಲ್ಲಿ 'ಟ್ರಾನ್ಸ್‌ಪೋಸ್' ಅಂತ ಒಂದು ಬಟನ್ ಇರುತ್ತೆ. ಎರಡು ಸಲ ಒತ್ತಿದರೆ ಎಲ್ಲ ಸ್ವರವೂ ಎರಡು ಮನೆ ಕೆಳಗೆ. ಬೆರಳು ಅದೇ ಜಾಗದಲ್ಲಿ ಓಡುತ್ತೆ, ಸದ್ದು ಮಾತ್ರ ಇಳಿದು ಬರುತ್ತೆ. ಹಳೆಯ ಕೀಬೋರ್ಡಿನಲ್ಲಿ ಸಾವಿರ ಸಲ ಹಾಗೇ ಮಾಡಿದ್ದೆ. ಅವತ್ತೂ ಮಾಡಿದೆ. ಟಕ್, ಟಕ್.

ಈಗ ಲೆಕ್ಕ ಹಾಕಿ ನೋಡಿ. ಮಿಡಿ ಕೀಬೋರ್ಡಿನಲ್ಲಿ ಆ ಬಟನ್ ಬದಲಾಯಿಸೋದು ಸದ್ದನ್ನಲ್ಲ, ಚೀಟಿಯ ನಂಬರನ್ನು! ನಾನು ೬೦ನೇ ಮನೆ ಒತ್ತಿದರೆ ಚೀಟಿಯಲ್ಲಿ ೫೮ ಅಂತ ಬರೆದು ಹೋಗುತ್ತೆ. ೬೧ ಒತ್ತಿದರೆ ೫೯. ಜರಡಿಗೆ ನನ್ನ ಬೆರಳು ಕಾಣಿಸಲ್ಲ, ಚೀಟಿ ಮಾತ್ರ ಕಾಣಿಸುತ್ತೆ. ೫೮ ಅಂದರೆ ೬೦ಕ್ಕಿಂತ ಕೆಳಗೆ, ಅಂದರೆ ಬೇಸಿನ ಪಾಲು. ಬದು ಎರಡು ಮನೆ ಬಲಕ್ಕೆ ಸರಿದು ಕೂತಿತ್ತು, ನನಗೆ ಗೊತ್ತೇ ಇರಲಿಲ್ಲ. ಕೊಳಲಿನ ಸ್ವರಗಳೆಲ್ಲ ಮೇಲೆ ಇದ್ದಷ್ಟು ಹೊತ್ತು ಏನೂ ಆಗಲಿಲ್ಲ. ಇಳಿದು ಇಳಿದು ಸರಿಯಾಗಿ ೬೦ರ ಮೇಲೆ ಬೆರಳಿಟ್ಟೆ ನೋಡಿ... ಕೊಳಲು ಬಾಯಿ ಮುಚ್ಚಿತು, ಎಮ್ಮೆ ಬಾಯಿ ತೆಗೆಯಿತು!

ಏನಾಯಿತು ಅಂತ ಆ ಕ್ಷಣದಲ್ಲಿ ತಿಳಿಯಲಿಲ್ಲ. ಇನ್ನೊಮ್ಮೆ ಅದೇ ಜಾಗ ಬಂತು, ಇನ್ನೊಮ್ಮೆ "ಧಡಂ". ಈ ಸಲ ಜನ ಕಾದುಕೊಂಡೇ ಇದ್ದರು. ಹಾಡುಗಾರ್ತಿ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಬೆವರು ಕಣ್ಣಿಗೆ ಇಳೀತಿತ್ತು. ಉಳಿದ ಹಾಡಿನಲ್ಲಿ ಆ ಎರಡು ಮನೆಗಳನ್ನು ಮುಟ್ಟದೆ, ಹಾವಿರೋ ಬಿಲದ ಹತ್ತಿರ ಓಡಾಡಿದವನ ಹಾಗೆ ಓ‍ಡಾಡಿದೆ. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ, ಏನಾಯ್ತು ಅಂತ ಕೇಳೋಣ ಅಂತ. ಡ್ರಮ್ಮಿನ ಪಕ್ಕದ ಜಾಗ ಖಾಲಿ ಇತ್ತು.

ಗೋಡೆಯ ಮೊಳೆ

ಮಾರನೆಯ ದಿನ ಬೆಳಿಗ್ಗೆ ಫೋನು. ಬೇಸಣ್ಣ!

"ಹುಡುಗ್ರು ವಾಟ್ಸಾಪಿನಲ್ಲಿ ಹಾಕವ್ರೆ ಕಣಯ್ಯ, ನೋಡ್ದೆ. ಟ್ರಾನ್ಸ್‌ಪೋಸ್ ಒತ್ತಿದ್ದೆ ತಾನೇ?"

ನಾನು ದಂಗಾದೆ. "ನಿಮಗೆ ಹೆಂಗೆ ಗೊತ್ತಾಯ್ತಣ್ಣ?"

"ಬಾಕಿ ಎಲ್ಲಾ ಸ್ವರ ಸರಿಯಾಗೇ ಬಂತು. ಕೆಟ್ಟಿದ್ದು ಕೆಳಗಿನ ಎರಡೇ ಮನೆ. ಹಾಡೂ ಎರಡೇ ಮನೆ ಇಳಿದಿತ್ತು. ಇನ್ನೇನು ಇರುತ್ತೆ? ಮೊದಲು ಬದು ಹಾಕ್ಬೇಕು, ಆಮೇಲೆ ನೀರು ಬಿಡ್ಬೇಕು. ನೀನು ನೀರು ಬಿಟ್ಬಿಟ್ಟು ಬದು ಹಾಕಕ್ಕೆ ಹೋಗಿದ್ದೀಯ."

ಮಿಡಿ ಅಂದರೇನು ಅಂತ ಯಾರೂ ಅವರಿಗೆ ಪಾಠ ಹೇಳಿರಲಿಲ್ಲ. ಆದರೆ ನೂರಕ್ಕೆ ನೂರು ನಿಜ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಸೊನ್ನೆಯಲ್ಲೇ ಇರಬೇಕು. ಜರಡಿ ಮೊದಲು, ಶ್ರುತಿ ಇಳಿಸೋದು ಜರಡಿ ದಾಟಿದ ಮೇಲೆ, ಎರಡೂ ಟ್ರ್ಯಾಕಿನಲ್ಲಿ ಬೇರೆ ಬೇರೆಯಾಗಿ. ಬೇಸನ್ನು ೧೨ ಮನೆ ಇಳಿಸುವಾಗ ನಾನು ಮಾಡಿದ್ದೂ ಅದೇ ತಾನೇ? ಮನೆಯಲ್ಲಿ ಹೊಳೆದದ್ದು ಸ್ಟೇಜಿನ ಮೇಲೆ ಮರೆತುಹೋಗಿತ್ತು.

ಅವತ್ತೇ ಸಂಜೆ ಅವರನ್ನು ಹುಡುಕಿಕೊಂಡು ಹೋದೆ. ಅವರದೊಂದು ಚಿಕ್ಕ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಕೊಡೋದು. ಹಿಂದಿನ ಗೋಡೆಯಲ್ಲಿ ಗಿಟಾರ್ ನೇತುಹಾಕುವ ಮೊಳೆ ಇತ್ತು. ಗಿಟಾರಿರಲಿಲ್ಲ.

"೨೦೨೦ರಲ್ಲೇ ಮಾರ್ದೆ. ಅಂಗಡಿ ಮುಚ್ಚಿತ್ತು, ಪ್ರೋಗ್ರಾಂ ಇರಲಿಲ್ಲ, ಏನ್ ಮಾಡೋದು? ಈ ವರ್ಷ ನುಡಿಸ್ತಿದ್ದಿದ್ದು ಬಾಡಿಗೆ ಗಿಟಾರು. ರಾತ್ರಿಗೆ ೫೦೦ ಬಾಡಿಗೆ ಹೋಗಿ ಸಾವಿರ ಉಳೀತಿತ್ತು."

ಅದೇ ೫೦೦! ಪ್ರತಿ ಕಾರ್ಯಕ್ರಮದಲ್ಲೂ ಪಕ್ಕದಲ್ಲಿ ನಿಂತಿದ್ದ ಮನುಷ್ಯನ ಕೈಲಿದ್ದ ಗಿಟಾರು ಅವರದಲ್ಲ ಅನ್ನೋದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪತ್ರಕರ್ತನಂತೆ ಪತ್ರಕರ್ತ! ನಾಯಕನಟ ಯಾವ ಬ್ರಾಂಡಿನ ಶೂ ಹಾಕಿದ್ದಾನೆ ಅಂತ ಬರೆಯೋನು ನಾನು.

"ಕೀಬೋರ್ಡ್ ನುಡಿಸ್ತೀರಾ ಅಣ್ಣ?" ಅಂತ ಕೇಳಿದೆ. ಯಾಕೆ ಕೇಳಿದೆನೋ, ಬಾಯಿಗೆ ಬಂತು, ಕೇಳಿದೆ.

ಬೇಸಣ್ಣ ನಕ್ಕರು. "ನಮ್ಮಪ್ಪ ಊರ ನಾಟಕಕ್ಕೆ ಹಾರ್ಮೋನಿಯಂ ಮೇಷ್ಟ್ರು ಕಣಯ್ಯ. ಕುರುಕ್ಷೇತ್ರ ನಾಟಕ ಬೆಳಗಿನ ಜಾವದ ತನಕ ನಡೆಯೋದು. ಅಪ್ಪ ತೂಕಡಿಸಿದ್ರೆ ಪೆಟ್ಟಿಗೆ ಮುಂದೆ ಕೂರ್ತಿದ್ದೋನು ನಾನೇ."

ಎಡಗಡೆಯ ಎಡಗೈ

ಮನೆಗೆ ಕರೆದುಕೊಂಡು ಬಂದೆ. ಕೀಬೋರ್ಡಿನ ಎಡಗಡೆ ಅವರನ್ನು ಕೂರಿಸಿದೆ. ಎಡಗಡೆಯ ೨೪ ಮನೆಗಳ ಮೇಲೆ ಬಲಗೈ ಇಟ್ಟು ಒಂದೇ ಒಂದು ಸಾಲು ನುಡಿಸಿದರು. ಸಾಫ್ಟ್‌ವೇರ್ ಅದೇ, ಸದ್ದು ಅದೇ, ಮನೆಗಳು ಅವೇ. ಆದರೆ ನಾನು ನುಡಿಸಿದ್ದು ಬೇಸೇ ಅಲ್ಲ ಅಂತ ಅವತ್ತು ಗೊತ್ತಾಯ್ತು. "ನೀನು ಎಲ್ಲಿ ಒತ್ತಬೇಕು ಅಂತ ನೋಡ್ತೀಯ. ಬೇಸಿನಲ್ಲಿ ಎಲ್ಲಿ ಕೈ ಎತ್ತಬೇಕು ಅಂತ ನೋಡ್ಬೇಕು. ಡ್ರಮ್ಮಿನವನಿಗೆ ಉಸಿರು ಬಿಡಕ್ಕೆ ಜಾಗ ಕೊಡಪ್ಪ" ಅಂದರು. 'ಬಿಟ್ಟ' ಅನ್ನೋ ಚೀಟಿಗೂ ಅಷ್ಟು ಬೆಲೆ ಇದೆ ಅಂತ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಯಜಮಾನರ ಹತ್ತಿರ ಹೋದೆ. "ನನಗೆ ಜಾಸ್ತಿ ಮಾಡಿದ ೫೦೦ ಬೇಡ. ಬೇಸಣ್ಣನಿಗೆ ಒಂದು ಸಾವಿರ ಕೊಡಿ. ಗಿಟಾರ್ ತರಲ್ಲ, ನನ್ನ ಕೀಬೋರ್ಡಿನಲ್ಲೇ ನುಡಿಸ್ತಾರೆ" ಅಂದೆ.

"ಒಂದು ಕೀಬೋರ್ಡಿಗೆ ಇಬ್ಬರಾ? ಜನ ನಗಲ್ವೇನಯ್ಯ?"

"ಒಬ್ಬನೇ ನುಡಿಸಿದಾಗ್ಲೂ ನಕ್ಕರಲ್ಲ ಯಜಮಾನ್ರೇ!"

ಅವರಿಗೂ ನಗು ಬಂತು. ಮೊದಲಿನ ೧,೫೦೦ಕ್ಕೆ ಹೋಲಿಸಿದರೆ ಇನ್ನೂ ೫೦೦ ಉಳಿತಾಯ ಅಂತ ಬೆರಳಿನಲ್ಲಿ ಎಣಿಸಿಯೇ ಒಪ್ಪಿದರು ಅನ್ನೋದು ಬೇರೆ ಮಾತು. ಬೇಸಣ್ಣನಿಗೆ ಬಾಡಿಗೆ ಗಿಟಾರಿನ ಖರ್ಚಿಲ್ಲ, ಕೈಗೆ ಮೊದಲಿನ ಸಾವಿರವೇ. ನಷ್ಟ ಆದದ್ದು ನನ್ನ ೫೦೦ ಒಂದೇ. ಅದು ನನ್ನದಾಗಿದ್ದಾದರೂ ಯಾವಾಗ?

ಇನ್ನೊಂದು ಸಂಗತಿ ನಡೆದದ್ದು ತಾಲೀಮಿನಲ್ಲಿ. ಬೇಸಿಗೆ ಬೇಸಣ್ಣನ ಬಲಗೈ ಒಂದೇ ಸಾಕು. ಎಡಗೈ ಸುಮ್ಮನೆ ತೊಡೆಯ ಮೇಲೆ ಇತ್ತು. ಪಕ್ಕದಲ್ಲೇ ಪಿಚ್ ಬೆಂಡ್ ಚಕ್ರ. "ಇದೇನಯ್ಯ?" ಅಂತ ಮುಟ್ಟಿದರು. ನನ್ನ ಕೊಳಲು ಸುಯ್ ಅಂತ ಜಾರಿತು! ಜೊತೆಗೆ ಅವರ ಬೇಸೂ ಜಾರಿತು, ಯಾಕೆಂದರೆ ಆ ಚೀಟಿಯೂ ಎರಡೂ ಕಡೆ ಹೋಗುತ್ತೆ. ಪೆಡಲಿಗೆ ಬರೆದಿದ್ದ ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿ ಬೇಸಿನ ಬಾಗಿಲಲ್ಲಿ ಅದನ್ನೂ ತಡೆದೆ. ಅಲ್ಲಿಂದ ಚಕ್ರ ಪೂರ್ತಿ ಅವರ ಸುಪರ್ದಿಗೆ. ನಾನು ಸ್ವರ ಒತ್ತುತ್ತೇನೆ, ಅದನ್ನು ತೂಗೋದು ಅವರು. ಅಪ್ಪನ ಹಾರ್ಮೋನಿಯಂನಲ್ಲಿ ಸ್ವರ ಜಾರಿಸೋಕೆ ಆಗದೇ ಇದ್ದದ್ದನ್ನೆಲ್ಲ ಈಗ ಒಟ್ಟಿಗೆ ತೀರಿಸಿಕೊಳ್ತಿದ್ದೀನಿ ಅಂತಾರೆ.

ಆ ವರ್ಷದ ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಅದೇ ಯುಗಳಗೀತೆ. ಹಾಡುಗಾರ್ತಿ ಈ ಸಲವೂ "ಎರಡು ಮನೆ ಇಳಿಸಪ್ಪ" ಅಂದರು. ಕೀಬೋರ್ಡಿನ ಬಟನ್ ಮುಟ್ಟಲಿಲ್ಲ, ಲ್ಯಾಪ್‌ಟಾಪಿನಲ್ಲಿ ಇಳಿಸಿದೆ. ಕೊಳಲು ಶುರುವಾಯ್ತು. ಮೆಲ್ಲಗೆ ಇಳಿಯಿತು. ೬೦ರ ಮನೆಯ ಮೇಲೆ ಬೆರಳಿಟ್ಟೆ, ಎದೆ ಢವಢವ. ಪಕ್ಕದಲ್ಲಿ ಬೇಸಣ್ಣನ ಎಡಗೈ ಚಕ್ರದ ಮೇಲೆ ಒಂದು ಕೂದಲೆಳೆಯಷ್ಟು ಹಂದಾಡಿತು. ಸ್ವರ ಸಣ್ಣಗೆ ನಡುಗಿ, ತೂಗಿ, ನಿಂತಿತು.

ಯಾರೂ ಏನೂ ಕೂಗಲಿಲ್ಲ. ಶಿಳ್ಳೆ ಬಿದ್ದದ್ದು ಹಾಡು ಮುಗಿದ ಮೇಲೆ.

ನಿಮ್ಮೂರಿಗೆ ಯಾವತ್ತಾದರೂ ಆರ್ಕೆಸ್ಟ್ರಾ ಬಂದು, ಒಂದೇ ಕೀಬೋರ್ಡಿನ ಮುಂದೆ ಇಬ್ಬರು ಒತ್ತರಿಸಿಕೊಂಡು ಕೂತದ್ದು ಕಂಡರೆ ನಗಬೇಡಿ. ಕೊಳಲು ಕೇಳಿ ನನ್ನ ಕಡೆ ಕೈ ತೋರಿಸಲೂ ಬೇಡಿ. ಎಡಗಡೆ ಕೂತವರ ಎಡಗೈ ನೋಡಿ.